ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತುತ್ತೆ, ಫೈಲ್ ಮಾತ್ರ ಹೋಗಲ್ಲ

ಸಿಕ್ತು ಕಣ್ರೋ, ದೊಡ್ಡ ಫೈಲ್ ನ್ಯಾಸ್‌ಗೆ (ಮನೆಯವರೆಲ್ಲ ನೆಟ್‌ವರ್ಕ್ ಮೂಲಕ ಫೈಲ್ ಇಡೋ ಪಿಸಿ) ಯಾಕೆ ಹೋಗ್ತಿರ್ಲಿಲ್ಲ ಅನ್ನೋದು. ಹನ್ನೊಂದು ದಿನ ಆಟ ಆಡಿಸಿ ಕೊನೆಗೆ ಸಿಕ್ಕಿದ್ದು ನೆಟ್‌ವರ್ಕ್ ಕೇಬಲ್ ತುದಿಯ ಎರಡು ಆರ್‌ಜೆ45 ಕನೆಕ್ಟರ್ ಒಳಗೆ.

ಹಳೇ ಪಿಸಿಗೆ ಡೆಬಿಯನ್ ಲಿನಕ್ಸ್, ಫೈಲ್ ಹಂಚೋ ಸಾಂಬಾ ಸಾಫ್ಟ್‌ವೇರ್ ಹಾಕಿ ನ್ಯಾಸ್ ಮಾಡಿದ ಕಥೆ ಮತ್ತೆ ಹೇಳಲ್ಲ. ಫ್ಯಾನ್ ಸದ್ದು ಅಮ್ಮಂಗೆ ಆಗಲ್ಲ ಅಂತ ಅದನ್ನ ಅಟ್ಟಕ್ಕೆ ಸಾಗಿಸಿದೆ, ಹಾಲ್‌ನಲ್ಲಿರೋ ರೂಟರ್‌ನಿಂದ ಅಲ್ಲಿಗೆ 25 ಮೀಟರ್ ಕೇಬಲ್ ಎಳೆಸಿದೆ, ಶನಿ ಹಿಡಿದಿದ್ದು ಅವತ್ತೇ. ಅಪ್ಪನ ತಾಳಮದ್ದಳೆ ಕ್ಯಾಸೆಟ್‌ಗಳನ್ನ 24 ಬಿಟ್ 96 ಕಿಲೋಹರ್ಟ್ಸ್‌ ಆಡಿಯೋ ಫೈಲಾಗಿ ಕಂಪ್ಯೂಟರ್‌ಗೆ ಇಳಿಸ್ತಿದೀನಿ, 90 ನಿಮಿಷದ ಒಂದು ಕ್ಯಾಸೆಟ್ ಅಂದ್ರೆ 3.1 ಜಿಬಿ ಆಗುತ್ತೆ. ಫೋಟೋ, ಪಿಡಿಎಫ್ ಎಲ್ಲಾ ಹೋಗೋದು, ಕ್ಯಾಸೆಟ್ ಫೈಲ್ ಮಾತ್ರ ಸ್ವಲ್ಪ ದೂರ ಹೋಗಿ ಎಳೆದು ಎಳೆದು ಕೊನೆಗೆ 'ಅನ್‌ಎಕ್ಸ್‌ಪೆಕ್ಟೆಡ್ ನೆಟ್‌ವರ್ಕ್ ಎರರ್'. ಅನ್‌ಎಕ್ಸ್‌ಪೆಕ್ಟೆಡ್ ಅಂತೆ, ಹತ್ತನೇ ಸಲಕ್ಕೆ ನಾನೇ ಎಕ್ಸ್‌ಪೆಕ್ಟ್ ಮಾಡ್ಕೊಂಡು ಕೂತಿರ್ತಿದ್ದೆ.

ಫೈರ್‌ವಾಲ್, ಆಂಟಿವೈರಸ್, ಫೈಲ್ ಹಂಚೋ ಎಸ್‌ಎಂಬಿ ಪ್ರೋಟೋಕಾಲ್‌ನ ವರ್ಷನ್, ನೆಟ್‌ವರ್ಕ್ ಕಾರ್ಡ್‌ನ ಪವರ್ ಸೇವಿಂಗ್, ಡಿಸ್ಕ್‌ನ ಆರೋಗ್ಯ ಹೇಳೋ ಸ್ಮಾರ್ಟ್ ರಿಪೋರ್ಟ್, ಎಲ್ಲಾ ನೋಡಾಯ್ತು. ಒಂದು ಫೈಲಿಗೆ 4 ಜಿಬಿ ಮಿತಿ ಇರೋ ಫ್ಯಾಟ್32 ಫಾರ್ಮ್ಯಾಟ್ ಕಾಟವೂ ಅಲ್ಲ, ಡಿಸ್ಕ್ ಇರೋದು ಎಕ್ಸ್ಟ್4 ಫಾರ್ಮ್ಯಾಟ್‌ನಲ್ಲಿ. ಅಮ್ಮ ನೋಡಿ ನೋಡಿ "ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹತ್ತಿ ಹೋಗೋ, ಹದಿಮೂರು ಮೆಟ್ಲು" ಅಂದ್ಲು. ಆಮೇಲಿಂದ ಇದು ಮಾನದ ಪ್ರಶ್ನೆ ಆಯ್ತು.

ಸುಳಿವು ಸಿಕ್ಕಿದ್ದು ಪಿಂಗ್‌ನಲ್ಲಿ, ಅಂದ್ರೆ ಆ ಕಡೆ ಪಿಸಿಗೆ ಚಿಕ್ಕ ಡೇಟಾ ತುಂಡು ಕಳಿಸಿ ಉತ್ತರ ಬರುತ್ತಾ ನೋಡೋದು. ಮಾಮೂಲಿ 32 ಬೈಟ್ ಪಿಂಗ್ ಇನ್ನೂರು ಹೊಡೆದೆ, ಒಂದೂ ಕಳೀಲಿಲ್ಲ. ಸೈಜ್ 1472ಕ್ಕೆ ಏರಿಸಿದೆ ನೋಡಿ, ನೂರಕ್ಕೆ ಮೂರು ನಾಲ್ಕು ಮಾಯ. ನ್ಯಾಸ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ಲೆಕ್ಕ ತೋರಿಸೋ ಈಥ್‌ಟೂಲ್ ತೆಗೆದ್ರೆ, ದಾರೀಲಿ ಕೆಟ್ಟು ಬಂದ ಡೇಟಾ ಎಣಿಸೋ ಸಿಆರ್‌ಸಿ ಎರರ್ ಕೌಂಟರ್ ಆಟೋ ಮೀಟರ್ ಥರ ಓಡ್ತಿದೆ, ಕರ್ನಲ್ ಲಾಗ್‌ನಲ್ಲಿ ಲಿಂಕ್ ಬೀಳೋದು ಏಳೋದು. ನ್ಯಾಸ್‌ನ ಹೊತ್ತು ಕೆಳಗೆ ತಂದು 2 ಮೀಟರ್ ಪ್ಯಾಚ್ ಕಾರ್ಡ್ (ರೆಡಿಮೇಡ್ ಚಿಕ್ಕ ಕೇಬಲ್) ಹಾಕಿದೆ, ಅದೇ ಫೈಲ್ ಸೆಕೆಂಡಿಗೆ 110 ಎಂಬಿ ಸ್ಪೀಡಲ್ಲಿ ಜುಂ ಅಂತ ಹೋಯ್ತು.

ಅಂದ್ರೆ ಕೇಬಲ್ಲೇ. ಆದ್ರೆ ಕೇಬಲ್ ಟೆಸ್ಟರ್‌ನಲ್ಲಿ, ಒಳಗಿನ ಎಂಟು ತಂತಿಗೂ ಒಂದೊಂದರಂತೆ, ಒಂದರಿಂದ ಎಂಟರ ತನಕ ಸಾಲಾಗಿ ದೀಪ ಹತ್ತುತ್ತೆ! ತುದಿಗೆ ಕನೆಕ್ಟರ್ ಒತ್ತಿ ಕೂರಿಸಿದವನಿಗೆ (ಕ್ರಿಂಪ್ ಮಾಡಿದವನಿಗೆ) ಫೋನ್ ಮಾಡಿದೆ. "ಎರಡೂ ಕಡೆ ಒಂದೇ ಥರ ಇದ್ರೆ ಸಾಕು ಸಾರ್, ಟೆಸ್ಟ್ ಮಾಡಿ ತೋರಿಸಿದೀನಲ್ಲ" ಅಂದ.

ರಾತ್ರಿ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಬಣ್ಣ ನೋಡಿದೆ. ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ, ಬಳೆ ಅಂಗಡಿಲಿ ಜೋಡಿಸಿಟ್ಟ ಹಾಗೆ ಎಷ್ಟು ಚಂದ. ಚಂದವೇ ಎಡವಟ್ಟು. 3 ಮತ್ತೆ 6ನೇ ಪಿನ್ನಿಗೆ ಒಂದೇ ತಿರುಚಿದ ಜೋಡಿ ಹೋಗ್ಬೇಕು, ಹಸಿರು. ಇಲ್ಲಿ 3ಕ್ಕೆ ಹಸಿರು ಜೋಡಿಯ ಒಂದು ತಂತಿ, 6ಕ್ಕೆ ನೀಲಿ ಜೋಡಿಯ ಒಂದು ತಂತಿ. ಗಂಡ ಒಬ್ಬಳ ಜೊತೆ, ಹೆಂಡ್ತಿ ಇನ್ನೊಬ್ಬನ ಜೊತೆ ಸುತ್ತಿಕೊಂಡ ಹಾಗೆ. ತಿರುಚಿರೋದೇ ಗದ್ದಲ ಪರಸ್ಪರ ಕಳೆದುಹೋಗ್ಲಿ ಅಂತ, ಜೋಡಿ ಒಡೆದ್ರೆ ಪಕ್ಕದ ತಂತಿಯ ಮಾತೆಲ್ಲ ಇದಕ್ಕೆ ಕೇಳಿಸುತ್ತೆ, ಕಳಿಸೋ ಡೇಟಾ ತುಂಡು (ಪ್ಯಾಕೆಟ್) ಉದ್ದ ಆದಷ್ಟೂ ಕೆಡೋ ಸಾಧ್ಯತೆ ಜಾಸ್ತಿ. ಅಗ್ಗದ ಟೆಸ್ಟರ್ ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಾ ಅಂತಷ್ಟೇ ನೋಡುತ್ತೆ, ಯಾರು ಯಾರ ಜೊತೆ ಇದಾರೆ ಅಂತ ಅದಕ್ಕೇನು ಗೊತ್ತು.

ಎರಡೂ ತುದಿ ಕತ್ತರಿಸಿ ತಂತಿ ಬಣ್ಣಗಳ 568ಬಿ ಸ್ಟ್ಯಾಂಡರ್ಡ್ ಪ್ರಕಾರ ನಾನೇ ಕ್ರಿಂಪ್ ಮಾಡಿದೆ. ಹತ್ತು ಕನೆಕ್ಟರ್ ಪ್ಯಾಕೆಟ್‌ನಲ್ಲಿ ಮೂರಕ್ಕೆ ಪಿನ್ನೇ ಇಳೀಲಿಲ್ಲ, ಅಂಗಡಿಯವನು 'ನಿಮ್ ಕೈ ಸರಿ ಇಲ್ಲ' ಅಂತಾನೆ. ಇರ್ಲಿ. ರಾತ್ರಿಯಿಡೀ 40 ಜಿಬಿ ತಳ್ಳಿದೆ, ಬೆಳಿಗ್ಗೆ ಕೌಂಟರ್ ಸೊನ್ನೆ.

ಇನ್ನೂ ಐವತ್ತು ಕ್ಯಾಸೆಟ್ ಬಾಕಿ. ದೊಡ್ಡಪ್ಪನ ಕ್ಯಾಸೆಟ್ ಡೆಕ್ (ಪ್ಲೇಯರ್) ಮುಂದಿನ ವಾರ ವಾಪಸ್ ಕೊಡ್ಬೇಕು, ನಮ್ಮದನ್ನ ಬಿಚ್ಚಿದ್ರೆ ಬೆಲ್ಟ್ ಕರಗಿ ಡಾಂಬರ್ ಆಗಿ ಪುಲಿಗೆ ಮೆತ್ತಿಕೊಂಡಿದೆ, ಮೂರು ದಿನದಿಂದ ಬೆರಳು ಕಪ್ಪು. ಹೊಸ ಬೆಲ್ಟ್ ಯಾರ ಹತ್ರ ಸಿಗುತ್ತೆ, ಸರಿಯಾದ ಅಳತೆದು?