ಫ್ರೈಬುರ್ಗ್: ಛಾವಣಿಯಿಂದ ಬಾಲ್ಕನಿಗಿಳಿದ ಸೋಲಾರ್

ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ರೈಲು ಇಳಿದವರು ಮೊದಲು ತಲೆ ಎತ್ತಿ ನೋಡಬೇಕು. ನಿಲ್ದಾಣದ ಪಕ್ಕದ ಗೋಪುರ ಕಟ್ಟಡದ ಗೋಡೆಗೆ ಸೋಲಾರ್ ಫಲಕಗಳನ್ನು ನೆಟ್ಟಗೆ ಹೊದಿಸಿದ್ದಾರೆ. ಹೀಗೆ ನಿಲ್ಲಿಸಿದರೆ ಬಿಸಿಲು ಬೀಳುವುದೆಲ್ಲಿಂದ ಎಂದು ನಮ್ಮ ಕಡೆಯವರಿಗೆ ಅನ್ನಿಸಬಹುದು. ಊರಿರುವುದು 48 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಹಗಲು ಬೆಂಗಳೂರಿನಲ್ಲಿ ಸೂರ್ಯ 53 ಡಿಗ್ರಿ ಮೇಲಿದ್ದರೆ ಇಲ್ಲಿ ಏರುವುದು 18 ಡಿಗ್ರಿ ಚಿಲ್ಲರೆ ಮಾತ್ರ. ಆ ಓರೆ ಬಿಸಿಲನ್ನು ಹಿಡಿಯಲು ಗೋಡೆಯೇ ಸರಿ. ಬೇಸಿಗೆಯಲ್ಲಿ ಮಾತ್ರ ಇಳುವರಿ ಕಡಿಮೆ.

ಈ ಸೀಮೆಯ ಸೋಲಾರ್ ಹಂಬಲಕ್ಕೆ ಬೇರು ಹತ್ತಿರದ ವೀಲ್ ಹಳ್ಳಿಯಲ್ಲಿದೆ. 1975ರಲ್ಲಿ ಅಣುಸ್ಥಾವರಕ್ಕೆ ಗೊತ್ತುಮಾಡಿದ್ದ ಜಾಗದಲ್ಲಿ ದ್ರಾಕ್ಷಿ ಬೆಳೆಗಾರರೂ ವಿದ್ಯಾರ್ಥಿಗಳೂ ಬೀಡುಬಿಟ್ಟರು. ಸ್ಥಾವರ ಏಳಲೇ ಇಲ್ಲ. ಫ್ರೌನ್‌ಹೋಫರ್ ಸೌರಶಕ್ತಿ ಸಂಸ್ಥೆ 1981ರಲ್ಲಿ ಇದೇ ಊರಿನಲ್ಲಿ ಶುರುವಾಯಿತು.

ನಿಲ್ದಾಣದ ಮೇಲಿನ ಸೇತುವೆಯಿಂದ 3ನೇ ನಂಬರ್ ಟ್ರಾಮ್ ಹಿಡಿದು ಪೌಲಾ ಮೋಡರ್ಸೋನ್ ಪ್ಲಾಟ್ಸ್‌ನಲ್ಲಿ ಇಳಿದರೆ ವಾಸ್ತುಶಿಲ್ಪಿ ರೋಲ್ಫ್ ಡಿಶ್ ಕಟ್ಟಿದ ಸೌರ ಬಡಾವಣೆ ಸಿಗುತ್ತದೆ. 59 ಮನೆಗಳು, ವರ್ಷದ ಲೆಕ್ಕದಲ್ಲಿ ಬಳಸುವುದಕ್ಕಿಂತ ಹೆಚ್ಚು ಶಕ್ತಿ ಉತ್ಪಾದಿಸುವಂತೆ ರೂಪಿಸಿದವು. ಮುಂಚಾಚಿದ ಸೂರು ಬೇಸಿಗೆಯ ಎತ್ತರದ ಬಿಸಿಲನ್ನು ತಡೆದು ಚಳಿಗಾಲದ ತಗ್ಗು ಬಿಸಿಲನ್ನು ಒಳಗೆ ಬಿಡುತ್ತದೆ. ಜನ ವಾಸವಿರುವ ಮನೆಗಳಿವು, ರಸ್ತೆಯಿಂದಲೇ ನೋಡಬೇಕು.

ಇಂಥ ಸೋಲಾರ್ ಛಾವಣಿಗಳು ದೇಶದಾದ್ಯಂತ ಹಬ್ಬಿದ್ದು 2000ದ ಕಾನೂನಿನಿಂದ. ಜಾಲಕ್ಕೆ ಕೊಡುವ ಸೋಲಾರ್ ಕರೆಂಟಿಗೆ ಯೂನಿಟ್‌ಗೆ 99 ಫೆನಿಗ್ (ಆಗಿನ ಜರ್ಮನ್ ಪೈಸೆ) ದರವನ್ನು 20 ವರ್ಷಕ್ಕೆ ಖಾತರಿ ಮಾಡಿದ್ದರಿಂದ ಬ್ಯಾಂಕುಗಳು ಧೈರ್ಯವಾಗಿ ಸಾಲ ಕೊಟ್ಟವು. 2025ರ ಹೊತ್ತಿಗೆ ದೇಶದ ಒಟ್ಟು ಸೋಲಾರ್ ಸಾಮರ್ಥ್ಯ 100 ಗಿಗಾವ್ಯಾಟ್ ದಾಟಿತು.

ಈಗ ಕಣ್ಣಿಟ್ಟು ನೋಡಬೇಕಾದ್ದು ಬಾಡಿಗೆ ಮನೆಗಳ ಬಾಲ್ಕನಿ. ತಲಾ ಸುಮಾರು 440 ವ್ಯಾಟ್‌ನ ಎರಡು ಫಲಕ, ಫಲಕದ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿಸುವ ಒಂದು ಮೈಕ್ರೋ ಇನ್ವರ್ಟರ್, ಆ ಕರೆಂಟನ್ನು ಗೋಡೆಯ ಸಾಕೆಟ್ ಮೂಲಕ ಮನೆಗೆ ತುಂಬುವ ವೈರು, ಇಷ್ಟೇ ಸಾಮಾನು. 2024ರ ಮೇ ತಿಂಗಳಿಂದ ಇನ್ವರ್ಟರ್ 800 ವ್ಯಾಟ್‌ವರೆಗೆ, ಫಲಕಗಳು 2000 ವ್ಯಾಟ್‌ವರೆಗೆ ಇರಬಹುದು. ಸರ್ಕಾರಿ ಆನ್‌ಲೈನ್ ದಾಖಲೆಯಲ್ಲಿ ನೋಂದಾಯಿಸಿದರೆ ಸಾಕು, ವಿದ್ಯುತ್ ಜಾಲದ ಕಂಪನಿಗೆ ಬೇರೆ ಅರ್ಜಿ ಬೇಡ. 2023ರಿಂದ ಮಾರಾಟ ತೆರಿಗೆಯೂ ಸೊನ್ನೆ.

ಕೆಲಸ ಕೆಡುವುದು ಚಿಕ್ಕ ವಿಷಯಗಳಲ್ಲಿ. ಒಂದೊಂದು ಫಲಕ 20 ಕಿಲೋ ಮೇಲಿರುತ್ತದೆ. ಗಾಳಿ ಹಿಂಬದಿಯಿಂದ ತಳ್ಳುವುದರಿಂದ ಪ್ಲಾಸ್ಟಿಕ್ ಪಟ್ಟಿ ನಂಬಬಾರದು, ತುಕ್ಕು ಹಿಡಿಯದ ಸ್ಟೀಲ್ ಕೊಕ್ಕೆ ಮತ್ತು ಬೋಲ್ಟ್ ಬೇಕು, ಫಲಕ ಕಟ್ಟುವ ಬಾಲ್ಕನಿಯ ಕಂಬಿಯೂ ಭಾರ ತಡೆಯಬೇಕು. ಮೇಲಿನ ಮನೆಯ ಬಾಲ್ಕನಿಯ ನೆರಳು ಫಲಕದ ಒಂದಂಚಿಗೆ ಬಿದ್ದರೂ ಉತ್ಪಾದನೆ ಕುಸಿಯುತ್ತದೆ. ಹಾಗಾಗಿ ಎರಡು ಫಲಕಕ್ಕೂ ಪ್ರತ್ಯೇಕ ಇನ್‌ಪುಟ್ ಇರುವ ಇನ್ವರ್ಟರ್ ಒಳ್ಳೆಯದು. ಎರಡು ಮೂರು ಸೆಟ್‌ಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸಿಕ್ಕಿಸಿದರೆ ಅದರ ವೈರು ಕಾಯುತ್ತದೆ. ಕರೆಂಟು ಹೋದಾಗ ಇದೂ ಆಫ್ ಆಗುತ್ತದೆ. ಲೈನ್ ಮೇಲೆ ಕೆಲಸ ಮಾಡುವವರ ಜೀವ ಉಳಿಸಲು ಹಾಗೇ ಮಾಡಿದ್ದಾರೆ.

ದೊಡ್ಡ ತೊಡಕು ಮಧ್ಯಾಹ್ನದ್ದು. ಬಿಸಿಲಿನ ಭಾನುವಾರ ಎಲ್ಲ ಛಾವಣಿಗಳೂ ಒಟ್ಟಿಗೆ ಉತ್ಪಾದಿಸಿದಾಗ ಕೊಳ್ಳುವವರಿರುವುದಿಲ್ಲ. 2024ರಲ್ಲಿ 457 ತಾಸು ಸಗಟು ದರ ಸೊನ್ನೆಗಿಂತ ಕೆಳಗಿತ್ತು, ಅಂದರೆ ಮಾರುವವರೇ ಕೊಳ್ಳುವವರಿಗೆ ಹಣ ಕೊಡಬೇಕಿತ್ತು. 2025ರ ಫೆಬ್ರುವರಿಯ ಕಾನೂನು ಹೊಸ ಛಾವಣಿಗಳಿಗೆ ಅಂಥ ಹೊತ್ತಿನಲ್ಲಿ ಜಾಲಕ್ಕೆ ಕೊಟ್ಟ ಕರೆಂಟಿನ ಖಾತರಿ ಹಣ ನಿಲ್ಲಿಸಿತು. ಬಾಲ್ಕನಿಯವರ ಹೆಚ್ಚುವರಿ ಕರೆಂಟಿಗೆ ಸಾಮಾನ್ಯವಾಗಿ ಕಾಸೇ ಇಲ್ಲ. ಫ್ರಿಜ್, ವೈಫೈ ಎಳೆಯುವುದು ನೂರಿನ್ನೂರು ವ್ಯಾಟ್. ಮಿಕ್ಕಿದ್ದು ಜಾಲಕ್ಕೆ ಪುಕ್ಕಟೆ ಹೋಗದಿರಲು ಬಟ್ಟೆ ಒಗೆಯುವ ಯಂತ್ರವನ್ನು ಹನ್ನೆರಡರ ನಂತರ ಹಾಕುತ್ತಾರೆ.