ಪತ್ತೇದಾರ ಕಥೆ ಹೇಳುವುದು ಯಾರಿಗೆ? ಹಳೆಯ ರೇಡಿಯೋ ನಾಟಕಗಳ ಟಿಪ್ಪಣಿ, ಇಲ್ಲಿಯವರೆಗೆ

ಅಮೆರಿಕದ ಹಳೆಯ ರೇಡಿಯೋ ಪತ್ತೇದಾರಿ ನಾಟಕಗಳನ್ನು ಸಾಲಾಗಿ ಕೇಳಿ ಟಿಪ್ಪಣಿ ಮಾಡಿಟ್ಟುಕೊಳ್ಳುವ ಕೆಲಸ ಈಗ ‘ಯುವರ್ಸ್ ಟ್ರೂಲಿ, ಜಾನಿ ಡಾಲರ್’ ಸರಣಿಯ ಐದು ಕಂತಿನ ಕಥೆಗಳವರೆಗೆ ಬಂದಿದೆ. ಸ್ಯಾಮ್ ಸ್ಪೇಡ್ ಎಂಬ ಪತ್ತೇದಾರನ ಸರಣಿ ಸಿಕ್ಕಷ್ಟು ಮುಗಿಯಿತು. ಪ್ಯಾಟ್ ನೊವಾಕ್ ಕೂಡ ಆಯಿತು. ರಿಚರ್ಡ್ ಡೈಮಂಡ್ ಅರ್ಧ ಆಗಿದೆ, ಮಿಕ್ಕದ್ದು ಮುಂದಿನ ಸುತ್ತಿಗೆ.

ಮೊದಮೊದಲು ಪಟ್ಟಿಯಲ್ಲಿ ಪ್ರಸಾರದ ದಿನಾಂಕ, ನಟರು, ಕಥೆಯ ಸಾರ ಇಷ್ಟೇ ಇರುತ್ತಿತ್ತು. ಕೇಳುತ್ತಾ ಹೋದ ಹಾಗೆ ಇನ್ನೊಂದು ಕಾಲಂ ಬೇಕೆನಿಸಿತು: ಈತ ಈ ಕಥೆಯನ್ನು ಯಾರಿಗೆ ಹೇಳುತ್ತಿದ್ದಾನೆ? ರೇಡಿಯೋದಲ್ಲಿ ಕ್ಯಾಮೆರಾ ಇಲ್ಲ. ಕತ್ತಲ ಮೆಟ್ಟಿಲು ಹತ್ತಿದ್ದನ್ನು, ಮೇಜಿನ ಕೆಳಗೆ ಬಿದ್ದ ಕೈಯನ್ನು ನೋಡಿದ್ದನ್ನು ಪತ್ತೇದಾರ ತಾನೇ ಬಾಯಿಬಿಟ್ಟು ಹೇಳಬೇಕು. ಯಾರೂ ಕೇಳದೇ ಇದ್ದಾಗ ಮನುಷ್ಯ ತನ್ನ ಕಥೆಯನ್ನು ತಾನೇ ಯಾಕೆ ಹೇಳಿಕೊಳ್ಳುತ್ತಾನೆ? ಒಳ್ಳೆಯ ಬರಹಗಾರರೆಲ್ಲ ಇದಕ್ಕೆ ಒಂದಲ್ಲ ಒಂದು ಉತ್ತರ ಹುಡುಕಿಕೊಂಡಿದ್ದಾರೆ. ಆ ಉತ್ತರವೇ ಇಡೀ ಸರಣಿಯ ದನಿಯನ್ನು ನಿರ್ಧರಿಸುತ್ತದೆ ಎಂಬುದು ನನಗೆ ಈಗ ಖಚಿತವಾಗಿದೆ.

ಸ್ಯಾಮ್ ಸ್ಪೇಡ್‌ನದು ತುಂಬಾ ಚೆಂದದ ಉತ್ತರ. ಕಾದಂಬರಿಕಾರ ಡ್ಯಾಶಿಯಲ್ ಹ್ಯಾಮೆಟ್ ಸೃಷ್ಟಿಸಿದ ಈ ಪಾತ್ರ 1946ರ ಜುಲೈನಲ್ಲಿ ಎಬಿಸಿ ಪ್ರಸಾರ ಜಾಲದಲ್ಲಿ ರೇಡಿಯೋ ಸರಣಿಯಾಗಿ ಶುರುವಾಗಿ, ಅದೇ ವರ್ಷ ಇನ್ನೊಂದು ಜಾಲವಾದ ಸಿಬಿಎಸ್‌ಗೆ ಹೋಯಿತು. ನಿರ್ದೇಶನ ವಿಲಿಯಂ ಸ್ಪಿಯರ್, ಸ್ಪೇಡ್ ಆಗಿ ಹೊವರ್ಡ್ ಡಫ್. ಮೊದಲು ಆಫೀಸಿನ ಫೋನು ಬಡಿದುಕೊಳ್ಳುತ್ತದೆ. ಕಾರ್ಯದರ್ಶಿ ಎಫಿ ಎತ್ತುತ್ತಾಳೆ. ಆಮೇಲೆ ಸ್ಪೇಡ್ ಬಂದು ಪ್ರಕರಣದ ವರದಿಯನ್ನು ಅವಳಿಗೆ ಹೇಳಿ ಬರೆಸುತ್ತಾನೆ. ಅಂದರೆ ನಾವು ಕೇಳುವ ಇಡೀ ಕಥೆ ಅವಳ ಕಿವಿಗೆ ಬಿದ್ದದ್ದು. ಕಥೆಯ ಎರಡು ತುದಿಯಲ್ಲೂ ಲುರೀನ್ ಟಟಲ್‌ರ ಎಫಿ ಗಾಬರಿಯಾಗುತ್ತಾಳೆ, ಮುನಿಸಿಕೊಳ್ಳುತ್ತಾಳೆ, ಮರುಗುತ್ತಾಳೆ. ವರದಿ ಮುಗಿದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಗುಡ್‌ನೈಟ್ ಹೇಳುತ್ತಾರೆ. ಆ ಎರಡು ಮಾತಿನಲ್ಲಿ ಅವರ ನಡುವಿನ ಸಲಿಗೆ, ಪ್ರೀತಿ ಎಲ್ಲ ಕೇಳಿಸಿಬಿಡುತ್ತದೆ. ಎಷ್ಟೋ ಕಂತುಗಳಲ್ಲಿ ಕೊಲೆಗಿಂತ ಇದಕ್ಕೇ ನಾನು ಕಾದಿದ್ದೇನೆ.

ಈ ಸರಣಿ ನಿಂತ ಬಗೆ ನೆನೆದರೆ ಈಗಲೂ ಸಂಕಟವಾಗುತ್ತದೆ. 1950ರ ಜೂನ್‌ನಲ್ಲಿ ಬಂದ ‘ರೆಡ್ ಚಾನೆಲ್ಸ್’ ಎಂಬ ಪುಸ್ತಿಕೆ ರೇಡಿಯೋ, ಟೆಲಿವಿಷನ್ ಕಲಾವಿದರಲ್ಲಿ ಕಮ್ಯುನಿಸ್ಟ್ ಒಲವಿನವರು ಎಂದು ಪಟ್ಟಿ ಹಾಕಿತು. ಅದರಲ್ಲಿ ಡಫ್ ಹೆಸರೂ ಇತ್ತು. ತಲೆಗೂದಲಿನ ಕ್ರೀಮು ಮಾರುತ್ತಿದ್ದ ಪ್ರಾಯೋಜಕ ಕಂಪನಿ ವೈಲ್ಡ್‌ರೂಟ್ ಸ್ಪೇಡ್‌ನನ್ನು ಕೈಬಿಟ್ಟು, ತನ್ನ ಜಾಹೀರಾತಿನ ಘೋಷಣೆಯಲ್ಲಿದ್ದ ‘ಚಾರ್ಲಿ’ಯನ್ನೇ ತೆಗೆದು ಚಾರ್ಲಿ ವೈಲ್ಡ್ ಎಂಬ ಹೊಸ ಪತ್ತೇದಾರನನ್ನು ನಿಲ್ಲಿಸಿತು. ಕೇಳುಗರ ಒತ್ತಾಯಕ್ಕೆ ಎನ್‌ಬಿಸಿಯಲ್ಲಿ ಸ್ಪೇಡ್ ವಾಪಸು ಬಂದ, ಆದರೆ ಡಫ್ ಬರಲಿಲ್ಲ. ಸ್ಟೀವ್ ಡನ್ ಆ ಪಾತ್ರ ಮಾಡಿದರು, 1951ರಲ್ಲಿ ಎಲ್ಲ ಮುಗಿಯಿತು. ಪ್ರಸಾರವಾದವುಗಳಲ್ಲಿ ಹೆಚ್ಚಿನವು ಇಂದು ಉಳಿದೂ ಇಲ್ಲ.

ಪ್ಯಾಟ್ ನೊವಾಕ್ ಯಾರಿಗೂ ಹೇಳುವುದಿಲ್ಲ, ನೇರವಾಗಿ ನಮ್ಮೊಂದಿಗೇ ಮಾತಾಡುತ್ತಾನೆ. ಸ್ಯಾನ್ ಫ್ರಾನ್ಸಿಸ್ಕೋದ ಹಡಗುಕಟ್ಟೆಯಲ್ಲಿ ದೋಣಿ ಬಾಡಿಗೆಗೆ ಕೊಡುವವನು. ಪಾತ್ರಧಾರಿ ಜ್ಯಾಕ್ ವೆಬ್, ಬರವಣಿಗೆ ರಿಚರ್ಡ್ ಬ್ರೀನ್. ಕಥೆ ಬಹುತೇಕ ಒಂದೇ: ತಲೆಗೆ ಪೆಟ್ಟು, ಎಚ್ಚರವಾದಾಗ ಪಕ್ಕದಲ್ಲಿ ಹೆಣ, ಇನ್‌ಸ್ಪೆಕ್ಟರ್ ಹೆಲ್ಮನ್‌ನ ಅನುಮಾನ. ಹೆಲ್ಮನ್ ಆಗಿ ಗುಡುಗುವವರು ರೇಮಂಡ್ ಬರ್. ಒಂದರ ಹಿಂದೆ ಒಂದು ಕೇಳಿದರೆ ದಣಿವಾಗುತ್ತದೆ. ಬಿಡಿಯಾಗಿ ಕೇಳಿದರೆ ಆ ಮಾತಿನ ಓಟಕ್ಕೆ ಸಾಟಿಯಿಲ್ಲ.

ಇನ್ನು ಜಾನಿ ಡಾಲರ್. ಸಿಬಿಎಸ್‌ನಲ್ಲಿ 1949ರಿಂದ 1962ರವರೆಗೆ ನಡೆದ ಸರಣಿ. ಊರು ವಿಮಾ ಕಂಪನಿಗಳ ತವರಾದ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್, ಕೆಲಸ ವಿಮಾ ತನಿಖೆ. ಕಥೆ ಹೇಳುವುದು ಕಂಪನಿಗೆ ಸಲ್ಲಿಸುವ ಖರ್ಚಿನ ಲೆಕ್ಕದ ರೂಪದಲ್ಲಿ. ಬಾಬು ಒಂದು, ವಿಮಾನದ ಟಿಕೆಟ್. ಬಾಬು ಎರಡು, ಟ್ಯಾಕ್ಸಿ. ಕೊನೆಗೆ ಒಟ್ಟು ಮೊತ್ತ, ಪತ್ರದ ಕೆಳಗಿನ ರುಜುವಿನ ಹಾಗೆ ಅವನ ಹೆಸರು.

ಇದು ಬರೀ ಚಮತ್ಕಾರ ಎಂದುಕೊಂಡರೆ ತಪ್ಪಾಗುತ್ತದೆ. ಖರ್ಚಿನ ಒಂದು ಸಾಲು ಹೇಳಿದರೆ ಸಾಕು, ಕಥೆ ಒಂದು ಊರಿಂದ ಇನ್ನೊಂದಕ್ಕೆ ದಾಟಿರುತ್ತದೆ. ಸಿನಿಮಾದಲ್ಲಿ ಕಟ್ ಮಾಡುವ ಕೆಲಸವನ್ನು ಇಲ್ಲಿ ಲೆಕ್ಕಪತ್ರ ಮಾಡುತ್ತದೆ. ಸಂಗೀತವೂ ಬೇಕಿಲ್ಲ, ‘ಮರುದಿನ ಬೆಳಿಗ್ಗೆ’ ಎನ್ನುವುದೂ ಬೇಕಿಲ್ಲ. ಯಾರೋ ಸತ್ತ ಮೇಲೆ ಬರುವ ಬಾಬುಗಳಲ್ಲಂತೂ ಒಣ ಅಂಕಿಯ ಹಿಂದೆ ಅವನ ದುಃಖ ನಿಂತಿರುತ್ತದೆ. ಅಂಥ ಕಡೆಗಳಲ್ಲಿ ಡಾಲರ್ ಪಾತ್ರ ಮಾಡಿದ ಬಾಬ್ ಬೇಲಿ ದನಿ ಏರಿಸುವುದಿಲ್ಲ. ಮೊತ್ತ ಹೇಳುವ ಮೊದಲು ಒಂದು ಉಸಿರಿನಷ್ಟು ತಡೆಯುತ್ತಾರೆ, ಅಷ್ಟೇ.

ಬೇಲಿಗಿಂತ ಮೊದಲು ಚಾರ್ಲ್ಸ್ ರಸೆಲ್, ಎಡ್ಮಂಡ್ ಓಬ್ರಿಯನ್, ಜಾನ್ ಲಂಡ್ ಈ ಪಾತ್ರ ಮಾಡಿದ್ದರು. ಅದಕ್ಕೂ ಮೊದಲು, 1948ರ ಡಿಸೆಂಬರ್‌ನಲ್ಲಿ, ಡಿಕ್ ಪೊವೆಲ್ ಪ್ರಯೋಗದ ಕಂತು ಮಾಡಿ, ಆಮೇಲೆ ಇದನ್ನು ಬಿಟ್ಟು ಬೇರೆ ಸರಣಿಯ ರಿಚರ್ಡ್ ಡೈಮಂಡ್ ಆದರು. ನನ್ನ ಮಟ್ಟಿಗೆ ಬೇಲಿಯೇ ಡಾಲರ್. 1955ರ ಅಕ್ಟೋಬರ್ 3ರಿಂದ ನಿರ್ದೇಶಕ ಜ್ಯಾಕ್ ಜಾನ್‌ಸ್ಟನ್ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 15 ನಿಮಿಷದಂತೆ ಕಥೆ ಹರಡಿದರು. ಒಂದು ಪ್ರಕರಣಕ್ಕೆ 75 ನಿಮಿಷ. ಅರ್ಧ ಗಂಟೆಯ ನಾಟಕದಲ್ಲಿ ಸುಳಿವು ಕೊಟ್ಟು ಮರೆಯಾಗುವ ಹೋಟೆಲ್ ಗುಮಾಸ್ತನಿಗೂ ಇಲ್ಲಿ ಒಂದು ಬದುಕು ಸಿಗುತ್ತದೆ. ‘ಫ್ಯಾಂಟಮ್ ಚೇಸ್ ಮ್ಯಾಟರ್’ ಒಂಬತ್ತು ಕಂತಿಗೆ ಬೆಳೆಯಿತು. ಅದನ್ನು ಬೇಕೆಂದೇ ಮುಂದಕ್ಕೆ ಇಟ್ಟುಕೊಂಡಿದ್ದೇನೆ. ಈ ದೈನಿಕ ಓಟ 1956ರ ನವೆಂಬರ್‌ಗೆ ನಿಂತು, ಸರಣಿ ವಾರಕ್ಕೊಮ್ಮೆಯ ಅರ್ಧ ಗಂಟೆಗೆ ಮರಳಿತು.

ಧ್ವನಿ ಸರಿಪಡಿಸುವ ಕೆಲಸವೂ ಜೊತೆಗೇ ಸಾಗಿದೆ. 1940ರ ದಶಕದ ಪ್ರಸಾರಗಳು ಉಳಿದದ್ದು ಹೆಚ್ಚಾಗಿ 16 ಇಂಚಿನ ಧ್ವನಿಮುದ್ರಣದ ತಟ್ಟೆಗಳಲ್ಲಿ. ಒಂದು ಮಗ್ಗುಲಿಗೆ ಸುಮಾರು 15 ನಿಮಿಷ. ಹೊರಗಿನಿಂದ ಒಳಕ್ಕೆ ಸುತ್ತಿದ ಹಾಗೆ ಅಲ್ಲಿ ಗೀರುಗಳ ವೇಗ ಕಡಿಮೆಯಾಗಿ ಶಬ್ದ ಮಂಕಾಗುತ್ತದೆ. ಅರ್ಧ ಗಂಟೆಯ ನಾಟಕದ ನಡುವೆ ದನಿ ಮಂಕಾಗುತ್ತಾ ಬಂದು ತಟ್ಟನೆ ತಿಳಿಯಾದರೆ, ಅಲ್ಲಿ ತಟ್ಟೆ ಬದಲಾಗಿದೆ ಎಂದೇ ಲೆಕ್ಕ. ಕೆಲವು ಫೈಲುಗಳು ತುಸು ವೇಗವಾಗಿಯೂ ಓಡುತ್ತವೆ. ಅದನ್ನು ಹಿಡಿಯಲು ಹಿನ್ನೆಲೆಯ ವಿದ್ಯುತ್ ಗುಂಯ್‌ಗುಟ್ಟುವಿಕೆ ನೋಡುತ್ತೇನೆ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಜ್, ಅಮೆರಿಕದಲ್ಲಿ 60. ಶಬ್ದದ ಆವರ್ತನ ತೋರಿಸುವ ಗ್ರಾಫಿನಲ್ಲಿ ಆ ಗುಂಯ್‌ಗುಟ್ಟುವಿಕೆಯ ಗೆರೆ 60ರ ಬದಲು 62ರಲ್ಲಿ ಕೂತಿದ್ದರೆ ಅರ್ಧ ಗಂಟೆಯ ನಾಟಕ ಸುಮಾರು ಒಂದು ನಿಮಿಷ ಬೇಗ ಮುಗಿಯುತ್ತದೆ, ದನಿಯೂ ತೆಳುವಾಗುತ್ತದೆ. ಆ ಗುಂಯ್‌ಗುಟ್ಟುವಿಕೆ ನಕಲು ತೆಗೆಯುವಾಗ ಸೇರಿಕೊಂಡದ್ದೂ ಆಗಿರಬಹುದು. ಹಾಗಾಗಿ ಅದೇ ನಟರ ಬೇರೆ ಕಂತಿನ ಜೊತೆ ಹೋಲಿಸಿ ಕೇಳದೆ ವೇಗ ಬದಲಿಸುವುದಿಲ್ಲ.

ಮುಂದಿನದು ಬೇಲಿಯ ವಾರದ ಕಂತುಗಳು. 1960ರ ಕೊನೆಗೆ ತಯಾರಿ ಹಾಲಿವುಡ್‌ನಿಂದ ನ್ಯೂಯಾರ್ಕ್‌ಗೆ ಹೋದಾಗ ಬೇಲಿ ಹೊರಬಿದ್ದರು. ಬಾಬ್ ರೆಡಿಕ್, ಆಮೇಲೆ ಮ್ಯಾಂಡೆಲ್ ಕ್ರೇಮರ್ 1962ರ ಸೆಪ್ಟೆಂಬರ್ 30ರ ಕೊನೆಯ ಪ್ರಸಾರದವರೆಗೆ ನಡೆಸಿದರು. ಆ ಭಾಗಕ್ಕೆ ಹೋಗುವ ಮೊದಲು ‘ಕ್ಯಾಂಡಿ ಮ್ಯಾಟ್ಸನ್’ನ ಉಳಿದಿರುವ ಕಂತುಗಳನ್ನು ಕೇಳಬೇಕು. ನ್ಯಾಟಲಿ ಮಾಸ್ಟರ್ಸ್ ನಟಿಸಿದ, ಅವರ ಗಂಡ ಮಾಂಟಿ ಮಾಸ್ಟರ್ಸ್ ಬರೆದ ಸ್ಯಾನ್ ಫ್ರಾನ್ಸಿಸ್ಕೋದ ಸರಣಿ ಅದು. ಪತ್ತೇದಾರಿಣಿ ತನ್ನ ಕಥೆಯನ್ನು ಯಾರಿಗೆ ಹೇಳುತ್ತಾಳೆ ಎಂಬ ಕಾಲಂ ಅವಳ ಸಾಲಿನಲ್ಲಿ ಇನ್ನೂ ಖಾಲಿ ಇದೆ.