ಬಾಣಂತನಕ್ಕೆ ಹೋಗಿ ಓದಿದ ಅಮೆರಿಕ

ರಿಟೈರ್ ಆಗುವವರೆಗೂ ನಾನು ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಅಂದರೆ ನಮಗೆ ಬೇಗ ಮುಗಿಸುವ ಪಾಠ. 1765ರ ಸ್ಟಾಂಪ್ ಕಾಯ್ದೆ, 1773ರ ಬಾಸ್ಟನ್ ಟೀ ಪಾರ್ಟಿ, 1776ರ ಸ್ವಾತಂತ್ರ್ಯ ಘೋಷಣೆ, ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. ನಾಲ್ಕು ಅಂಕದ ಪ್ರಶ್ನೆಗೆ ನಾಲ್ಕು ಪಾಯಿಂಟು. ಮಾರನೇ ದಿನ ಫ್ರಾನ್ಸಿಗೆ ಹೋಗಿಬಿಡುತ್ತಿದ್ದೆವು.

ಕೆಲವು ವರ್ಷಗಳ ಹಿಂದೆ ಮಗಳ ಬಾಣಂತನಕ್ಕೆ ಅಂತ ಬಾಸ್ಟನ್ ಹತ್ತಿರದ ಊರಿಗೆ ಹೋದೆ. ಜನವರಿ ತಿಂಗಳು. ಕಿಟಕಿಯಾಚೆ ಮೊಳಕಾಲುದ್ದ ಹಿಮ. ಸೂಟ್‌ಕೇಸ್ ತುಂಬ ಅಂಟಿನುಂಡೆ, ಒಣಶುಂಠಿ, ಓಮ, ಕೂಸಿಗೆ ಸುತ್ತೋಕೆ ಹಳೇ ಪಂಚೆಯ ತುಂಡುಗಳು. ಮೊಮ್ಮಗಳು ಹುಟ್ಟಿದಳು, ಎರಡೇ ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ರಾತ್ರಿ ಪಾಳಿ ನನ್ನದಾಯಿತು. ಹಾಲು ಕುಡಿದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ತೇಗಿಸಿ ಮಲಗಿಸುವಷ್ಟರಲ್ಲಿ ನನ್ನ ನಿದ್ದೆ ಹಾರಿಹೋಗಿರುತ್ತಿತ್ತು. ನನ್ನ ಅವಸ್ಥೆ ನೋಡಿ ಒಂದು ಶನಿವಾರ ಅಳಿಯಂದಿರು, "ಅತ್ತೆ, ಬನ್ನಿ, ಲೈಬ್ರರಿ ತೋರಿಸ್ತೀನಿ" ಅಂದರು.

ನಾನು ಮೊದಲು ಹುಡುಕಿದ್ದು ಕಾರ್ನ್‌ವಾಲಿಸ್‌ನನ್ನು. ನಮಗೆ ಅವನು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, 1792ರ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು. ಅಲ್ಲಿಯವರಿಗೆ ಅವನು 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಸೋತವನು. ಶರಣಾಗುವ ದಿನ ಮೈ ಸರಿಯಿಲ್ಲ ಅಂತ ಹೇಳಿ, ತನ್ನ ಬದಲು ಇನ್ನೊಬ್ಬ ಜನರಲ್‌ನ ಕಳಿಸಿದ್ದನಂತೆ. ಅದೇ ಶೆಲ್ಫಿನ ಇನ್ನೊಂದು ಪುಸ್ತಕದಲ್ಲಿ ‘ಹೈದರ್ ಅಲಿ’ ಅನ್ನುವ ಹೆಸರಿನ ಅಮೆರಿಕನ್ ಹಡಗು ಸಿಕ್ಕಿತು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದು ತನಗಿಂತ ದೊಡ್ಡ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ನಮ್ಮ ಹೈದರಾಲಿ ಇನ್ನೂ ಬದುಕಿದ್ದ ಕಾಲ. ಇಂಗ್ಲಿಷರನ್ನು ಹಣ್ಣು ಮಾಡಿದವನ ಹೆಸರು ಅಂತ ಇಟ್ಟುಕೊಂಡಿದ್ದಾರೆ. ಅಲ್ಲೇ ನಿಂತು ನಕ್ಕುಬಿಟ್ಟೆ.

ಉಳಿದಂತೆ ಆ ಶೆಲ್ಫು ತುಂಬ ಗಂಡಸರು. ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್, ಫ್ರಾಂಕ್ಲಿನ್. ಅಳಿಯಂದಿರಿಗೆ ಇಷ್ಟವಾದ ರಾನ್ ಚೆರ್ನೋ ಅವರ ಹ್ಯಾಮಿಲ್ಟನ್ ಚರಿತ್ರೆ ಎಂಟುನೂರು ಪುಟಕ್ಕೂ ಜಾಸ್ತಿ. ಕೂಸನ್ನು ಎತ್ತಿಕೊಂಡ ಕೈಯಲ್ಲಿ ಅದನ್ನು ಹಿಡಿಯೋಕೆ ಆಗುತ್ತಾ? ಡೇವಿಡ್ ಮೆಕಲಾ ಬರೆದ, ಮುಂದೆ ಎರಡನೇ ಅಧ್ಯಕ್ಷನಾದ ಜಾನ್ ಆಡಮ್ಸ್‌ನ ಚರಿತ್ರೆ ಮನೆಗೆ ತಂದೆ. ಚೆನ್ನಾಗಿ ಕಥೆ ಹೇಳುತ್ತಾರೆ, ಸುಳ್ಳಲ್ಲ. ಆದರೆ ನನಗೆ ಅದರಲ್ಲಿ ಹಿಡಿಸಿದ್ದು ಆಡಮ್ಸ್ ಅಲ್ಲ, ಅವನ ಹೆಂಡತಿ ಅಬಿಗೇಲ್. 1776ರ ಮಾರ್ಚ್ 31ರಂದು ಗಂಡನಿಗೆ ಕಾಗದ ಬರೆಯುತ್ತಾಳೆ: ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೀಬೇಡಿ, ಗಂಡಂದಿರ ಕೈಗೆ ಲಂಗುಲಗಾಮಿಲ್ಲದ ಅಧಿಕಾರ ಕೊಡಬೇಡಿ. ಅದಕ್ಕೆ ಆ ಮಹಾನುಭಾವ ನಗು ಬರುತ್ತೆ ಅಂತ ಉತ್ತರ ಬರೆದ. ಅಲ್ಲಿಗೆ ಅವನ ಮೇಲಿನ ನನ್ನ ಆಸಕ್ತಿ ಅರ್ಧ ಇಳಿಯಿತು.

ಪುಸ್ತಕ ವಾಪಸ್ ಕೊಡೋಕೆ ಹೋದಾಗ ಕೌಂಟರಿನಲ್ಲಿದ್ದ ವಯಸ್ಸಾದ ಹೆಂಗಸು ಮಾತಿಗೆಳೆದರು. ಯಾವ ದೇಶ, ಯಾಕೆ ಬಂದಿರಿ ಅಂತೆಲ್ಲ ಕೇಳಿದರು. ಮಗಳ ಹೆರಿಗೆಗೆ ಅಂದೆ. "ಒಂದು ನಿಮಿಷ ಇರಿ" ಅಂತ ಒಳಗೆ ಹೋಗಿ ಒಂದು ಪುಸ್ತಕ ತಂದು ಕೈಗಿಟ್ಟರು. ‘ಎ ಮಿಡ್‌ವೈಫ್ಸ್ ಟೇಲ್’. ಬರೆದವರು ಲಾರೆಲ್ ಥ್ಯಾಚರ್ ಉಲ್ರಿಕ್. 1990ರಲ್ಲಿ ಬಂದದ್ದು, ಮರುವರ್ಷ ಪುಲಿಟ್ಜರ್ ಬಹುಮಾನ ಪಡೆದದ್ದು.

ಮಾರ್ತಾ ಬಾಲಾರ್ಡ್ ಅನ್ನುವ ಸೂಲಗಿತ್ತಿಯ ಕಥೆ ಅದು. ಈಗಿನ ಮೇನ್ ರಾಜ್ಯದಲ್ಲಿ ಕೆನೆಬೆಕ್ ಅನ್ನುವ ಹೊಳೆ ಇದೆ. ಅದರ ದಂಡೆಯ ಹ್ಯಾಲೋವೆಲ್ ಅವಳ ಊರು. 1785ರ ಜನವರಿ 1ರಿಂದ 1812ರ ಮೇ ತಿಂಗಳವರೆಗೆ, ಇಪ್ಪತ್ತೇಳು ವರ್ಷ, ಅವಳು ಡೈರಿ ಬರೆದಳು. ಅದರಲ್ಲಿ 816 ಹೆರಿಗೆಗಳ ಲೆಕ್ಕ ಇದೆ. ಡೈರಿ ಸಂಬಂಧಿಕರ ಮನೆಯಲ್ಲಿ ಕೈಯಿಂದ ಕೈಗೆ ದಾಟಿ, ಕೊನೆಗೆ ವೈದ್ಯೆಯಾಗಿದ್ದ ಅವಳ ವಂಶದ ಹೆಣ್ಣುಮಗಳೊಬ್ಬಳಿಂದ 1930ರಲ್ಲಿ ಮೇನ್‌ನ ಸರ್ಕಾರಿ ಲೈಬ್ರರಿ ಸೇರಿತು. ಆ ಊರಿನ ಇತಿಹಾಸ ಬರೆದವರೊಬ್ಬರು ಹಿಂದೆಯೇ ಅದನ್ನು ನೋಡಿದ್ದರು. ಜನರಿಗೆ ಆಸಕ್ತಿ ಹುಟ್ಟಿಸುವಂಥದ್ದು ಅದರಲ್ಲಿ ಹೆಚ್ಚೇನಿಲ್ಲ ಅಂತ ಬರೆದು ಮುಗಿಸಿದ್ದರು. ಉಲ್ರಿಕ್ ಅದೇ ಡೈರಿಯ ಜೊತೆ ಎಂಟು ವರ್ಷ ಕೂತರು.

ನೆಟ್‌ನಲ್ಲಿ ಆ ಡೈರಿಯ ಪುಟಗಳ ಫೋಟೊ ಇದೆ ಅಂತ ಮಗಳು ಲ್ಯಾಪ್‌ಟಾಪಿನಲ್ಲಿ ತೆಗೆದು ತೋರಿಸಿದಳು. ಮಾಸಿದ ಮಸಿ, ಒತ್ತೊತ್ತಾದ ಅಕ್ಷರ, ಕಿವಿಗೆ ಕೇಳಿದ ಹಾಗೆ ಕಾಗುಣಿತ. ಹೆರಿಗೆಯಾದ ದಿನ ಅಂಚಿನಲ್ಲಿ ಒಂದು ನಂಬರು. ದುಡ್ಡು ಬಂದ ಮೇಲೆ ಪಕ್ಕದಲ್ಲಿ ಎರಡು ‘ಎಕ್ಸ್’ ಗುರುತು. ಮೇಷ್ಟ್ರುಗಳ ಹಾಜರಿ ಪುಸ್ತಕ ನೋಡಿದ ಹಾಗೇ ಆಯಿತು ನನಗೆ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರ ನೆನಪೂ ಬಂತು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಅಂತ ಹೇಳುತ್ತಾರೆ, 2018ರಲ್ಲಿ ಪದ್ಮಶ್ರೀ ಬಂತು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅಷ್ಟೂ ಮನೆಗಳ ಕಥೆ ಅವರ ಜೊತೆಗೇ ಹೋಯಿತು.

ಪುಸ್ತಕ ಶುರುವಾಗುವುದೇ 1787ರ ಆಗಸ್ಟ್‌ನಿಂದ. ಆ ತಿಂಗಳು ಅಂದರೆ ಪಾಠ ಮಾಡಿದವರಿಗೆ ಗೊತ್ತಿರುತ್ತೆ. ಫಿಲಡೆಲ್ಫಿಯಾದಲ್ಲಿ ಬಾಗಿಲು ಹಾಕಿಕೊಂಡು ಸಂವಿಧಾನ ಬರೆಯುತ್ತಿದ್ದ ತಿಂಗಳು. ಅದೇ ಆಗಸ್ಟ್ 3ರಿಂದ 24ರ ಒಳಗೆ ಮಾರ್ತಾ ನಾಲ್ಕು ಹೆರಿಗೆ ಮಾಡಿಸಿದಳು. ಒಂದು ಕಡೆ ಸುಳ್ಳು ನೋವು, ಹೋಗಿ ವಾಪಸ್ ಬಂದಳು. ಕಾಯಿಲೆಯವರನ್ನು ನೋಡೋಕೆ ಹದಿನಾರು ಸಲ ಹೋದಳು. ಮೂರು ಹೆಣಗಳನ್ನು ಮಣ್ಣಿಗೆ ಸಿದ್ಧ ಮಾಡಿದಳು. ಊರಲ್ಲಿ ಗಂಟಲು ಬೇನೆ ಹರಡಿತ್ತು, ಮಕ್ಕಳು ಸಾಯುತ್ತಿದ್ದವು. ಮಧ್ಯೆ ಗಂಡನ ಗಂಟಲು ನೋವಿಗೂ ಔಷಧಿ ಮಾಡಿಕೊಟ್ಟಳು. ಸಂವಿಧಾನದ ಆ ಬೇಸಿಗೆಯನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೇನೋ. ಆ ಬೇಸಿಗೆಯಲ್ಲಿ ಯಾರೋ ಸೊಪ್ಪು ಕೊಯ್ದು ಕಷಾಯ ಕುದಿಸುತ್ತಿದ್ದರು ಅನ್ನೋದು ಮಧ್ಯರಾತ್ರಿ ಕೂತು ಓದಿದಾಗಲೇ ಕಣ್ಣಿಗೆ ಕಟ್ಟಿದ್ದು.

1789ರ ಏಪ್ರಿಲ್ ಇನ್ನೂ ಚೆನ್ನಾಗಿದೆ. ಏಪ್ರಿಲ್ 23ಕ್ಕೆ ವಾಷಿಂಗ್ಟನ್ ಅಲಂಕಾರ ಮಾಡಿದ ದೋಣಿಯಲ್ಲಿ ನ್ಯೂಯಾರ್ಕಿಗೆ ಬಂದಿಳಿದರು. 30ಕ್ಕೆ ಪ್ರಮಾಣ ವಚನ. ಇತ್ತ 24ನೇ ತಾರೀಖು ಮಾರ್ತಾಗೆ ಹೊಳೆಯಾಚೆಯ ಹೆವಿನ್ಸ್ ಅನ್ನುವವರ ಮನೆಯಿಂದ ಕರೆ ಬಂತು. ಬಿರುಗಾಳಿ ಮಳೆ. ಹೇಗೋ ಹೊಳೆ ದಾಟಿ ಕುದುರೆ ಹತ್ತಿದಳು. ಎದುರಿಗೇ ಒಂದು ದೊಡ್ಡ ಮರ ಬೇರು ಸಮೇತ ಉರುಳಿತು. ಕುದುರೆ ಬೆದರಿ ಹಿಂದಕ್ಕೆ ಹಾರಿತು, ಇವಳು ಬದುಕಿದಳು. ಮುಂದೆ ಹೋದರೆ ಹಳ್ಳದ ಸೇತುವೆ ಕೊಚ್ಚಿಹೋಗಿದೆ. ಬಾಣಂತಿಯ ಗಂಡ ಲಗಾಮು ಹಿಡಿದು ನೀರಿಗಿಳಿದು ಕುದುರೆಯನ್ನು ನಡೆಸಿದ. ರಾತ್ರಿ ಹತ್ತಕ್ಕೆ ಹೆಣ್ಣು ಮಗು. ಇಷ್ಟನ್ನೂ ಅವಳು ಕೆಲವೇ ಸಾಲಿನಲ್ಲಿ ಬರೆದು ಮುಗಿಸುತ್ತಾಳೆ. ಆಗ ಅವಳ ವಯಸ್ಸು ಐವತ್ತರ ಮೇಲೆ. ನಾನು ಅಂಗಳದ ಹಿಮದ ಮೇಲೆ ಕಸದ ಡಬ್ಬಿವರೆಗೆ ಹೋಗೋಕೂ ಅಳಿಯಂದಿರ ಕೈ ಹಿಡಿಯುತ್ತಿದ್ದೆ.

ಬಾಣಂತನದ ಕ್ರಮ ಓದುವಾಗಂತೂ ಮಗಳನ್ನು ಎಬ್ಬಿಸಿ ಹೇಳೋಣ ಅನ್ನಿಸಿತು. ನೋವು ಶುರುವಾದರೆ ಅಕ್ಕಪಕ್ಕದ ಹೆಂಗಸರೆಲ್ಲ ಸೇರುತ್ತಾರೆ. ಹೆರಿಗೆಯಾದ ಮೇಲೆ ಆರೈಕೆಗೆ ಇನ್ನೊಬ್ಬಳು ಬಂದು ಇರುತ್ತಾಳೆ. ಬಾಣಂತಿ ಎದ್ದು ಅಡುಗೆಮನೆಗೆ ಕಾಲಿಟ್ಟಳು ಅಂದರೆ ಬಾಣಂತನ ಮುಗೀತು ಅಂತ ಲೆಕ್ಕ. ಬೆಳಿಗ್ಗೆ ಇದನ್ನು ಹೇಳಿದೆ. "ಹಾಗಾದ್ರೆ ನಾನು ಇನ್ನೊಂದು ತಿಂಗಳು ಅಡುಗೆಮನೆಗೆ ಬರಲ್ಲಮ್ಮ" ಅಂತ ಮಗಳು ಹಾಸಿಗೆಯಿಂದಲೇ ಕೂಗಿದಳು.

ಎಲ್ಲವೂ ಹಿತವಾಗಿಲ್ಲ. ಡೈರಿ ಶುರುವಾಗುವ ಎಷ್ಟೋ ಮುಂಚೆ, 1769ರ ಬೇಸಿಗೆಯಲ್ಲಿ, ಗಂಟಲಮಾರಿಗೆ ಮಾರ್ತಾ ಮೂರು ಹೆಣ್ಣುಮಕ್ಕಳನ್ನು ಕಳೆದುಕೊಂಡಿದ್ದಳು. ಆಗ ಹೊಟ್ಟೆಯಲ್ಲಿ ಇನ್ನೊಂದು ಮಗು. ಮದುವೆಯಿಲ್ಲದೆ ಬಸುರಾದವಳಿಗೆ ನೋವು ಜೋರಾದಾಗಲೇ ಸೂಲಗಿತ್ತಿ ‘ತಂದೆ ಯಾರು’ ಅಂತ ಕೇಳಬೇಕಿತ್ತು. ಆಗ ಬಾಯಿಂದ ಬಂದ ಹೆಸರಿಗೆ ಕೋರ್ಟಿನಲ್ಲಿ ಬೆಲೆ. 1791ರಲ್ಲಿ ಒಬ್ಬ ಹುಡುಗಿ ಹೇಳಿದ್ದು ಮಾರ್ತಾಳ ಮಗನದೇ ಹೆಸರು. ಮಾರ್ತಾ ಅದನ್ನೂ ಬರೆದಿಟ್ಟಳು. ಕೆಲವು ತಿಂಗಳಾದ ಮೇಲೆ ಅವರಿಬ್ಬರ ಮದುವೆಯಾಯಿತು. ಇನ್ನೊಂದು ಕಡೆ ಎಳೇ ವಯಸ್ಸಿನ ಡಾಕ್ಟರೊಬ್ಬ ಸರಿಯಾಗಿ ಬರುತ್ತಿದ್ದ ನೋವಿಗೆ ಅಫೀಮಿನ ಔಷಧಿ ಹಾಕಿ ನಿಲ್ಲಿಸಿಬಿಟ್ಟ ಪ್ರಸಂಗ ಇದೆ. ಅವಳ ಸಿಟ್ಟು ಓದುವವರಿಗೆ ಕಾಣುತ್ತೆ. ಸಿಟ್ಟು ಬರಲೇಬೇಕು. ಅವಳ ಕೈಯಲ್ಲಿ ಹೆರಿಗೆಯ ಹೊತ್ತಿಗೆ ಒಬ್ಬ ತಾಯಿಯೂ ಸತ್ತಿಲ್ಲ.

ರಾತ್ರಿ ಮೂರು ಗಂಟೆ ಅಂದರೆ ತುಮಕೂರಿನಲ್ಲಿ ಮಧ್ಯಾಹ್ನ ಒಂದೂವರೆ. ನಮ್ಮವರು ಊಟ ಮುಗಿಸಿ ಕೂತಿರುತ್ತಿದ್ದರು. ಕೂಸು ಮಲಗಿದ ಮೇಲೆ ಓದಿದ್ದನ್ನು ಫೋನಿನಲ್ಲಿ ಪಿಸುಮಾತಿನಲ್ಲಿ ಹೇಳುತ್ತಿದ್ದೆ. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಹೆರಿಗೆ, ಕಷಾಯ ಅಂದರೆ ‘ಹ್ಞೂ, ಹ್ಞೂ’ ಅನ್ನುತ್ತಿದ್ದರು. ಫಾಸ್ಟರ್ ಕೇಸು ಬಂದದ್ದೇ ತಡ, ಎದ್ದು ಕೂತರು.

1789ರಲ್ಲಿ ಅಲ್ಲಿನ ಪಾದ್ರಿಯೊಬ್ಬನ ಹೆಂಡತಿ ರೆಬೆಕಾ ಫಾಸ್ಟರ್, ಗಂಡ ಊರಲ್ಲಿಲ್ಲದಾಗ ಕೆಲವರು ತನ್ನ ಮಾನದ ಮೇಲೆ ಕೈ ಹಾಕಿದರು ಅಂತ ಮಾರ್ತಾ ಹತ್ತಿರ ಹೇಳಿಕೊಂಡಳು. ಅವರಲ್ಲೊಬ್ಬ ಜೋಸೆಫ್ ನಾರ್ತ್, ಊರಿನ ಜಡ್ಜು. ಮಾರ್ತಾ ಕೊಟ್ಟ ಬುದ್ಧಿವಾದ ಏನು ಗೊತ್ತಾ? ಇದನ್ನು ಇನ್ನು ಯಾರ ಹತ್ತಿರವೂ ಹೇಳಬೇಡ, ನೀನೇ ಹಾಳಾಗುತ್ತೀಯ. ನಮ್ಮ ಊರಿನ ಯಾವ ಅಜ್ಜಿ ಬೇಕಾದರೂ ಹೇಳುವ ಮಾತು. ರೆಬೆಕಾ ಕೇಳಲಿಲ್ಲ, ಕೇಸು ಹಾಕಿದಳು. ಮಾರ್ತಾನೇ ಸಾಕ್ಷಿ ಹೇಳೋಕೆ ಹೋಗಬೇಕಾಯಿತು. ಅಷ್ಟರಲ್ಲಿ ಮೊಮ್ಮಗಳು ಎದ್ದಳು, ಫೋನ್ ಇಟ್ಟೆ. ಆಮೇಲೆ ಮಗುವಿಗೆ ಶೀತ ಜ್ವರ ಅಂತ ಪುಸ್ತಕ ಎಷ್ಟೋ ದಿನ ಮುಚ್ಚಿಯೇ ಇತ್ತು.

ಮೇ ತಿಂಗಳಲ್ಲಿ, ಹೊರಡುವ ಮುಂಚೆ, ಆ ಹೊಳೆ ನೋಡಲೇಬೇಕು ಅಂತ ಹಟ ಹಿಡಿದೆ. ಕಾರಿನಲ್ಲಿ ಮೂರು ಗಂಟೆ. ಹ್ಯಾಲೋವೆಲ್ ಈಗ ಹೊಳೆಗೆ ಆತುಕೊಂಡ ಒಂದು ಬೀದಿ, ಇಟ್ಟಿಗೆಯ ಹಳೇ ಕಟ್ಟಡಗಳು, ಅಂಗಡಿಗಳು. ಪಕ್ಕದ ಆಗಸ್ಟಾದಲ್ಲಿ 1754ರ ಮರದ ಕೋಟೆ ಇನ್ನೂ ನಿಂತಿದೆ. 1775ರಲ್ಲಿ ಅಮೆರಿಕನ್ ಸೇನಾಧಿಕಾರಿ ಬೆನೆಡಿಕ್ಟ್ ಆರ್ನಾಲ್ಡ್ ಸುಮಾರು ಸಾವಿರದ ನೂರು ಸೈನಿಕರನ್ನು ಕಟ್ಟಿಕೊಂಡು ಬ್ರಿಟಿಷರ ಕೈಲಿದ್ದ ಕ್ವಿಬೆಕ್ ಗೆಲ್ಲೋಕೆ ಇದೇ ಹೊಳೆ ಹಿಡಿದು ಮೇಲೆ ಹೋದ. ಅಳಿಯಂದಿರು ಅದರ ಬೋರ್ಡು ಓದುತ್ತಾ ನಿಂತರು. ನಾನು ಹೊಳೆಯ ಅಗಲ ಅಳೆಯುತ್ತಿದ್ದೆ. ಪುಸ್ತಕದಲ್ಲಿ ಓದುವಾಗ ಒಂದು ಹಳ್ಳ ಅಂದುಕೊಳ್ಳಬಹುದು. ಹಳ್ಳ ಅಲ್ಲ. ಭರ್ತಿ ನೀರು, ಒಳ್ಳೇ ಸೆಳೆತ. ಚಳಿಗಾಲದಲ್ಲಿ ಇದು ಹೆಪ್ಪುಗಟ್ಟಿದಾಗ ಅವಳು ಮೇಲೆ ನಡೆದೇ ದಾಟುತ್ತಿದ್ದಳು. ಹಿಮ ಒಡೆಯುವ ಕಾಲದಲ್ಲಿ ದೋಣಿಯೂ ಇಲ್ಲ, ನಡೆಯುವ ಹಾಗೂ ಇಲ್ಲ. ನೋವು ಅದಕ್ಕೆ ಕಾಯುತ್ತಾ?

ವಿಡಿಯೊ ಕಾಲ್ ಮಾಡಿ ನಮ್ಮವರಿಗೆ ಹೊಳೆ ತೋರಿಸಿದೆ. ಒಂದು ಕ್ಷಣ ನೋಡಿದರು.

"ಅದಿರಲಿ, ಆ ಜಡ್ಜ್ ಕೇಸ್ ಏನಾಯ್ತು?"

"ಬಿಟ್ಟುಬಿಟ್ರು ರೀ. 1790ರ ಜುಲೈನಲ್ಲಿ. ಕೇಳಿದವರಿಗೆಲ್ಲ ಆಶ್ಚರ್ಯ ಆಯ್ತು ಅಂತ ಬರೆದಿದ್ದಾಳೆ."

"ಇವಳು ಕಣ್ಣಾರೆ ಕಂಡಿದ್ಳಾ?"

"ಇಲ್ಲ. ಆಕೆ ಬಾಯಿಂದ ಕೇಳಿದ್ದು."

"ಹಾಗಿದ್ರೆ ನಿಲ್ಲಲ್ಲ ಕಣೇ. ಅದೂ ಜಡ್ಜ್ ಮೇಲೆ."

"ಅಂದ್ರೆ ಆಕೆ ಸುಮ್ನಿರಬೇಕಿತ್ತು ಅಂತೀರಾ?"

"ಛೇ, ನಾನೆಲ್ಲಿ ಹಾಗಂದೆ! ಡೈರಿ ಇತ್ತಲ್ಲ? ಹೇಳಿಕೊಂಡ ದಿನವೇ ತಾರೀಖು ಹಾಕಿ ಬರೆದಿದ್ದಾಳೋ ಇಲ್ವೋ, ಅದನ್ನ ಸರಿಯಾಗಿ ನೋಡು. ಬರೆದಿದ್ರೆ ಅದರ ಮೇಲೆ ಅಪೀಲು ಹಾಕಬಹುದಿತ್ತು."

ಆಮೇಲೆ ಹತ್ತು ನಿಮಿಷ ಅವರು ತುಮಕೂರಿನಲ್ಲಿ ಕೂತು ರೆಬೆಕಾ ಫಾಸ್ಟರ್‌ಳ ಅಪೀಲಿಗೆ ಬೇಕಾದ ಕಾಗದಗಳನ್ನೆಲ್ಲ ಹೇಳುತ್ತಾ ಹೋದರು.